ಹೋಗಿದೆ, ಹೋಗಿದ್ದೆ

ಮರ ಉಳಿಸುವ ಒಂದು ಸಂಸ್ಥೆಯಲ್ಲಿ ಫೋನು ಎತ್ತುವವಳು ನಾನು. ನನ್ನ ಮೇಜಿನ ಹಿಂದೆ, ಮೊದಲು ಗುದ್ದಲಿ ಬುಟ್ಟಿ ಇಡುತ್ತಿದ್ದ ಒಂದು ಗೂಡಿದೆ. ಕಿಟಕಿ ಇಲ್ಲ. ಇಂಟರ್ನ್ ಆಗಿ ಬಂದ ಹುಡುಗಿಯನ್ನು ಅದರೊಳಗೇ ಕಂಪ್ಯೂಟರ್ ಮುಂದೆ ಕೂರಿಸಿದರು. ಎಲ್ಲರೂ ‘ಲೆಕ್ಕದಮ್ಮ’ ಎಂದು ಕರೆಯತೊಡಗಿದರು. ಅವಳಿಗದು ಇಷ್ಟವೋ ಇಲ್ಲವೋ, ಯಾರೂ ಕೇಳಲಿಲ್ಲ.

ಕೆಲಸ ಕೇಳುವುದಕ್ಕೇನೋ ಸುಲಭ. ನಮ್ಮ ಸ್ವಯಂಸೇವಕರು ಬೀದಿಬೀದಿಯ ಮರ ನೋಡಿ, ಅದರ ಸ್ಥಿತಿಯನ್ನು ಮೊಬೈಲಿನಲ್ಲಿ ಬರೆದು ಕಳಿಸುತ್ತಾರೆ. ಒಬ್ಬರು ‘ಚೆನ್ನಾಗಿದೆ’ ಎಂದರೆ ಇನ್ನೊಬ್ಬರು ‘ಪರವಾಗಿಲ್ಲ’, ಮತ್ತೊಬ್ಬರು ‘ದೇವರೇ ಗತಿ’. ‘ಹೋಗಿದೆ’ ಎಂದರೆ ಮರ ಸತ್ತಿದೆ ಎಂದರ್ಥ. ಇದನ್ನೆಲ್ಲ ಸೋಸಿ, ಬದುಕಿದ್ದೆಷ್ಟು ಸತ್ತದ್ದೆಷ್ಟು ಎಂದು ಅವಳು ವರದಿ ಮಾಡಬೇಕು. ಒಂದು ಕಂತು ಮುಗಿಸುವಷ್ಟರಲ್ಲಿ ಇನ್ನೊಂದು ಬಂದು ಬೀಳುತ್ತಿತ್ತು. ಬೇಸಿಗೆ ಮುಗಿದರೆ ಬಿಡುಗಡೆ ಎಂದು ಬಂದವಳು ಚಳಿಗಾಲಕ್ಕೂ ಅಲ್ಲೇ ಇದ್ದಳು. ಕೇಳಿದಾಗಲೆಲ್ಲ ನಿರ್ದೇಶಕರದು ಒಂದೇ ಉತ್ತರ: “ವರದಿ ಮುಗಿಸಮ್ಮ, ಸರ್ಟಿಫಿಕೇಟಿಗೆ ಸಹಿ ಹಾಕ್ತೀನಿ.” ದೊಡ್ಡ ಮನುಷ್ಯರು. ಪೆನ್ನು ಜೇಬಿನಲ್ಲೇ ಇರುತ್ತಿತ್ತು, ಕೈ ಮಾತ್ರ ಏಳುತ್ತಿರಲಿಲ್ಲ.

ಅಷ್ಟರಲ್ಲಿ ಅವಳಿಗೆ ಬೇರೆ ಕಡೆ ಕೆಲಸ ಸಿಕ್ಕಿತು. ಸೋಮವಾರ ಸರ್ಟಿಫಿಕೇಟು ಹಿಡಿದು ಹಾಜರಾಗಬೇಕು, ಇಲ್ಲದಿದ್ದರೆ ಜಾಗ ಬೇರೆಯವರ ಪಾಲು. ಅವಳ ಅಮ್ಮ ಬಂಧುಬಳಗಕ್ಕೆಲ್ಲ ಸುದ್ದಿ ಹಂಚಿಯೂ ಆಗಿತ್ತು. ಹುಡುಗಿ ಊಟ ನಿದ್ದೆ ಬಿಟ್ಟು ವರದಿ ಮುಗಿಸಿದಳು. ಸತ್ತ ಮರಗಳ ಪಟ್ಟಿ ನಗರಸಭೆಗೆ ಹೋಯಿತು. ಅವು ಯಾರ ತಲೆಯ ಮೇಲಾದರೂ ಬೀಳುವ ಮೊದಲು ಕಡಿಯುವುದು ಅವರ ಕೆಲಸ. ನಮ್ಮ ನಿರ್ದೇಶಕರು ಶುಕ್ರವಾರ ಸಂಜೆ ಸಹಿ ಹಾಕುತ್ತೇನೆಂದರು.

ಶುಕ್ರವಾರ ಬೆಳಿಗ್ಗೆ ಸ್ವಯಂಸೇವಕರಲ್ಲೊಬ್ಬನಾದ ಟೈಲರಣ್ಣ ಫೋನ್ ಮಾಡಿದ.

“ಏನಮ್ಮಾ, ನಮ್ಮ ಬೀದಿ ಮರಗಳಿಗೆಲ್ಲ ಕೆಂಪು ಗೀಟು ಎಳೆದಿದ್ದಾರೆ. ಸೋಮವಾರ ಕಡೀತಾರಂತೆ. ಸತ್ತಿವೆ ಅಂತ ನೀವೇ ಬರೆದುಕೊಟ್ರಂತೆ. ನಾನು ಅದರ ನೆರಳಲ್ಲೇ ನಿಂತು ಮಾತಾಡ್ತಿದ್ದೀನಿ.”

ನಾನು ಗೂಡಿನತ್ತ ತಿರುಗಿ ವಿಷಯ ಹೇಳುತ್ತಿದ್ದಂತೆ ಲೆಕ್ಕದಮ್ಮ ಎದ್ದು ಬಂದು ನನ್ನ ಕೈಯಿಂದ ಫೋನು ಕಸಿದುಕೊಂಡಳು. “ಅಣ್ಣಾ, ‘ಹೋಗಿದೆ’ ಅಂತ ನೀವೇ ತಾನೆ ಬರೆದಿದ್ದು?”

“ಹೋಗಿದ್ದೆ ಅಂತ ಬರೆದೆ. ನೋಡೋಕೆ ನಾನು ಹೋಗಿದ್ದೆ. ಮರ ಎಲ್ಲಿಗಮ್ಮ ಹೋಗುತ್ತೆ?”

ಅಯ್ಯೋ ಪುಣ್ಯಾತ್ಮ. ಮರದ ಸ್ಥಿತಿ ಬರಿ ಎಂದರೆ ತನ್ನ ಸಮಾಚಾರ ಬರೆದಿದ್ದ. ಅವನೊಬ್ಬನೇ ಅಲ್ಲ, ಇನ್ನೂ ಎಷ್ಟೋ ಜನ. ಒತ್ತಕ್ಷರ ಹೆಚ್ಚುಕಮ್ಮಿಯಾಗುವುದು ಮಾಮೂಲು ಎಂದುಕೊಂಡು ಇವಳು ‘ಹೋಗಿದ್ದೆ’ಗಳನ್ನೆಲ್ಲ ಒಂದೇ ಏಟಿಗೆ ‘ಹೋಗಿದೆ’ ಮಾಡಿ, ಸತ್ತವುಗಳ ಜೊತೆ ಸೇರಿಸಿದ್ದಳು.

ಅವಳು ನಿರ್ದೇಶಕರ ಕೋಣೆಯ ಕಡೆ ಹೊರಟಳು. ನಾನು ಬಾಗಿಲು ಹಾಕಿ, “ಸಂಜೆ ತನಕ ಬಾಯಿ ಮುಚ್ಕೊಂಡಿರು. ಸಹಿ ಬೀಳಲಿ, ಆಮೇಲೆ ಹೇಳಿದ್ರಾಯ್ತು,” ಎಂದೆ. ಅದರಲ್ಲಿ ತಪ್ಪೇನಿದೆ ಎಂದು ಈಗಲೂ ಕೇಳುತ್ತೇನೆ.

“ಸಂಜೆಗೆ ನಗರಸಭೆ ಮುಚ್ಚುತ್ತೆ ಅಕ್ಕ. ನಾಳೆ, ನಾಡಿದ್ದು ರಜೆ. ಈಗ ಹೇಳದಿದ್ರೆ ಸೋಮವಾರ ಬೆಳಿಗ್ಗೆ ಕಡೀತಾರೆ.”

ಹೇಳಿಯೇಬಿಟ್ಟಳು. ನಿರ್ದೇಶಕರ ಕೂಗು ನನ್ನ ಮೇಜಿನವರೆಗೂ ಕೇಳಿಸಿತು. ಪಟ್ಟಿಯನ್ನು ವಾಪಸು ತರಿಸಿದರು, ಅಷ್ಟು ಉಪಕಾರ ಮಾಡಿದರು. ಆಮೇಲೆ, “ಎಲ್ಲರಿಗೂ ಫೋನ್ ಮಾಡಿ ಒಂದೊಂದು ಮರನೂ ವಿಚಾರಿಸು. ಸರಿಯಾದ ವರದಿ ಕೊಡು. ಸಹಿ ಎಲ್ಲಿ ಓಡಿಹೋಗುತ್ತೆ?” ಎಂದರು.

“ನನ್ನ ಕೆಲಸ ಹೋಗುತ್ತೆ ಸಾರ್.”

“ತಪ್ಪು ಯಾರದಮ್ಮ?”

ಅವಳು ಗೂಡಿಗೆ ಬಂದು ಫೋನು ಹಿಡಿದು ಕೂತಳು. ಸೋಮವಾರವೂ ಅಲ್ಲೇ ಕೂತಿದ್ದಳು. ಮಧ್ಯಾಹ್ನಕ್ಕೆ ಆ ಜಾಗ ಭರ್ತಿಯಾಯಿತೆಂದು ಸುದ್ದಿ ಬಂತು. ಅಮ್ಮನಿಗೆ ಹೇಳುವ ಧೈರ್ಯವಾಗದೆ ಮೊಬೈಲನ್ನು ನನ್ನ ಕೈಗೆ ಕೊಟ್ಟಳು. ಆ ತಾಯಿ ಬೈಯಲಿಲ್ಲ. “ಯಾವಾಗ ಬಿಡ್ತಾರಂತೆ?” ಎಂದಷ್ಟೇ ಕೇಳಿದರು, ಮಗಳು ಜೈಲಿನಲ್ಲಿದ್ದಾಳೆ ಎನ್ನುವ ಹಾಗೆ.

ಮೊನ್ನೆ ಟೈಲರಣ್ಣ ಮತ್ತೆ ಫೋನ್ ಮಾಡಿದ್ದ. ಮರಗಳ ಕೆಂಪು ಗೀಟು ಅಳಿಸಿದ್ದಾರಂತೆ. “ಆ ಹುಡುಗಿಗೆ ಒಂದ್ಸಲ ಬಂದು ನೋಡಿ ಹೋಗೋಕೆ ಹೇಳಮ್ಮ, ಬೀದಿಯವರೆಲ್ಲ ಕೇಳ್ತಿದ್ದಾರೆ,” ಎಂದ. ಅವಳು ಅರ್ಧ ದಿನ ರಜೆ ಕೇಳಲು ಹೋದಳು.

ನಿರ್ದೇಶಕರು ತಲೆಯೆತ್ತದೆ ಹೇಳಿದರು, “ಮರ ನೋಡೋಕೆ ಅಲ್ಲೀತನಕ ಯಾಕಮ್ಮ? ಫೋಟೋ ಕಳಿಸೋಕೆ ಹೇಳು.”