ಓವನ್ ಹಿಂದೆ ಮಡಚಿಟ್ಟ ಹಸಿರು ವೈರು

ವೈನಿ, ಅವತ್ತು ನಿಮಗೆ ಶಾಕ್ ಹೊಡೆದದ್ದು ನಿಮ್ಮ ಒದ್ದೆ ಕೈಯಿಂದಲ್ಲ, ನನ್ನಿಂದ. ಇಷ್ಟು ವರ್ಷ ಇದನ್ನು ಬಚ್ಚಿಟ್ಟುಕೊಂಡು ನಿಮ್ಮ ಕೈಯ ಊಟ ಉಂಡೆನಲ್ಲ — ನೆನೆದರೆ ನನಗೇ ದಿಗಿಲಾಗುತ್ತದೆ.

ಅಣ್ಣ, ನೀವು, ನಾನು ಒಟ್ಟಿಗಿದ್ದ ಕೇಶ್ವಾಪುರದ ಮನೆಯಲ್ಲಿ, ನೀವು ನಾನಖಟಾಯಿ ಬಿಸ್ಕತ್ತು ಮಾಡಿ ಮಾರುತ್ತಿದ್ದ ಓವನ್ನಿನ ಕಾಯಿಲ್ ಸುಟ್ಟಾಗ ರಿಪೇರಿ ಮಿಸ್ತ್ರಿಯನ್ನು ಕರೆಯೋಣ ಎಂದಿರಿ. ನಾನೇ ಹಾಕುತ್ತೇನೆ ಎಂದೆ — ಆಗ ನನಗೆ ಬಾರದ ಕೆಲಸವೇ ಇರಲಿಲ್ಲವಲ್ಲ. ಹಳೆಯದನ್ನು ಬಿಚ್ಚಿ ಹೊಸದನ್ನು ಕೂರಿಸಿದೆ. ಕೊನೆಗೆ ಹಸಿರು ವೈರೊಂದು ಉಳಿಯಿತು. ಅದನ್ನು ಓವನ್ನಿನ ಮೈಗೆ ಬಿಗಿಯುವ ಸ್ಕ್ರೂ ಎಲ್ಲೋ ಉರುಳಿಹೋಗಿತ್ತು. ಅದು ಅರ್ಥಿಂಗ್ ವೈರು, ಕರೆಂಟು ಸೋರಿದರೆ ಜೀವ ಕಾಯುವುದು ಅದೇ — ಗೊತ್ತಿತ್ತು. ಗೊತ್ತಿರಲಿಲ್ಲ ಎಂದರೆ ಇನ್ನೊಂದು ಸುಳ್ಳಾಗುತ್ತದೆ. ಸ್ವಿಚ್ ಹಾಕಿದೆ, ಕಾಯಿಲ್ ಕೆಂಪಗೆ ಕಾಯಿತು. ನೀವು ಖುಷಿಯಿಂದ ನಾನಖಟಾಯಿ ಹಿಟ್ಟು ಕಲಸಲು ಹೋದಿರಿ. ನಾನು ವೈರಿಗೆ ಟೇಪು ಸುತ್ತಿ ಹಿಂದೆ ಮಡಚಿಟ್ಟೆ.

ದಸರೆಯ ಖಂಡೆ ಪೂಜೆ, ದುಡಿಯುವ ಆಯುಧ-ಯಂತ್ರಗಳಿಗೆ ಪೂಜೆಯ ದಿನ. ಆರ್ಡರು ಬಹಳ, ಓವನ್ ನಡೆದೇ ಇತ್ತು. ಸೈಕಲ್ಲು, ಮಿಕ್ಸರು, ಹೊಲಿಗೆ ಮಷಿನ್ನಿಗೆಲ್ಲ ವಿಭೂತಿ ಹಚ್ಚುತ್ತ ಬಂದವರು, "ನನ್ನ ದುಡಿಮಿ ಇದರಾಗ ಐತಿ" ಎಂದು ನಕ್ಕು, ಒದ್ದೆ ವಿಭೂತಿಯ ಮೂರು ಬೆರಳನ್ನು ಓವನ್ನಿನ ಮೈಗಿಟ್ಟಿರಿ. ಅಷ್ಟೇ. ಕೂಗೂ ಹೊರಡಲಿಲ್ಲ. ಗೋಡೆಗೆ ಬಡಿದು ಬಿದ್ದಿರಿ. ಆ ಕಣ್ಣು — ತೆರೆದೇ ಇದ್ದ ಆ ಕಣ್ಣು —

ನಾನು ಸ್ವಿಚ್ ತೆಗೆದೆ. ಅಣ್ಣ ಓಡಿ ಬಂದ. ನೀವು ಉಸಿರು ಎಳೆದುಕೊಳ್ಳುವ ಮೊದಲೇ ನನ್ನ ಬಾಯಿಂದ ಮಾತು ಬಂತು:

"ಒದ್ದಿ ಕೈಲೆ ಮುಟ್ಟಿದ್ರ ಮತ್ತೇನಾಗತೈತ್ರಿ ವೈನಿ?"

ನಿಮ್ಮ ಜೀವಕ್ಕಿಂತ ಮೊದಲು ನನ್ನ ಮರ್ಯಾದೆ ನೆನಪಾಗಿತ್ತು. ಇವತ್ತಿಗೂ ನಂಬಲಾಗುವುದಿಲ್ಲ. "ಹೌದಪಾ, ತಪ್ಪು ನಂದ" ಎಂದಿರಿ ನೀವು. ಮತ್ತೆ ಯಾವ ಓವನ್ನನ್ನೂ ಮುಟ್ಟಲಿಲ್ಲ. ನಿಮ್ಮದೇ ಎಂಬ ದುಡಿಮೆ ಅಲ್ಲಿಗೆ ಮುಗಿಯಿತು. ಓವನ್ನನ್ನು ಗುಜರಿಗೆ ಹಾಕಿದವನೂ ನಾನೇ — ಯಾರೂ ಅದರ ಹಿಂಬದಿ ಬಿಚ್ಚಿ ನೋಡಬಾರದೆಂದು.

ನಿನ್ನೆ ಬೈರಿದೇವರಕೊಪ್ಪದಿಂದ ನಿಮ್ಮ ಮಗಳ ಫೋನು. ಅವಳೂ ಈಗ ಮನೆಯಲ್ಲೇ ಕೇಕು ಮಾಡಿ ಮಾರುತ್ತಾಳಲ್ಲ. "ಕಾಕಾ, ಓವನ್ ಕಾಯಿಲ್ ಸುಟ್ಟೈತ್ರಿ. ಅವ್ವ ಅಂದ್ಲು, ‘ಕಾಕಾಗ ಹೇಳು, ಅವನ ಕೈ ಛಲೋ ಐತಿ’ ಅಂತ."

ನಾಡಿದ್ದು ಬರುತ್ತೇನೆ ಎಂದು ಫೋನಿಟ್ಟೆ.

ನಾಳೆ ಅಲ್ಲಿಗೆ ಹೋಗುತ್ತೇನೆ, ಮಿಸ್ತ್ರಿಯನ್ನು ಕರೆದುಕೊಂಡು. ನೀವೂ ಬನ್ನಿ. ಕಾಯಿಲ್ ಅವನು ಹಾಕಲಿ. ನಾನು ನಿಮ್ಮ ಮಗಳ ಎದುರೇ ಹೇಳಬೇಕು, ಅವಳವ್ವನ ನಾನಖಟಾಯಿ ನಿಲ್ಲಿಸಿದವನು ನಾನೆಂದು.