ಗೊತ್ತಿದ್ದೂ ತುಂಬಿದ ತೊಟ್ಟಿ

ಅಮೆರಿಕದ ಪೇರ್ಲ್ಯಾಂಡ್ ಊರಿನಲ್ಲಿ ನಮ್ಮ ಪಕ್ಕದ ಮನೆಯಲ್ಲಿದ್ದ ಉಡುಪಿಯ ಆಂಟಿ, ಕಡಲತೀರದ ಒಂದು ಮೀನು ಸಾಕಣೆ ಕೇಂದ್ರದಲ್ಲಿ ಮರಿಗಳನ್ನು ನೋಡಿಕೊಳ್ಳುತ್ತಿದ್ದರು. ಹಿತ್ತಲಲ್ಲಿ ಮೆಣಸಿನ ಸಸಿ ನೆಡುವಾಗಲೂ ಮೊಳ ಹಾಕಿ ಅಳೆದು, "ಜಾಗ ಬಿಡಿ ಮಾರಾಯ್ರೆ, ಅದಕ್ಕೂ ಜೀವ ಉಂಟು" ಎನ್ನುತ್ತಿದ್ದರು.

ಒಂದು ಶನಿವಾರ ಬೆಳಿಗ್ಗೆ ನನ್ನನ್ನೂ ಕೆಲಸದ ಜಾಗಕ್ಕೆ ಕರೆದುಕೊಂಡು ಹೋದರು. ಎರಡು ದಿನದ ಹಿಂದೆ ಒಂದು ತೊಟ್ಟಿ ಸೋರತೊಡಗಿ, ಮ್ಯಾನೇಜರ್ ಎರಡು ತೊಟ್ಟಿಯ ಮರಿಗಳನ್ನೂ ಒಂದಕ್ಕೇ ಹಾಕಿಸಿದ್ದನಂತೆ. ಬೇಡವೆಂದು ವಾದಿಸಿ ಸೋತು, ಕೊನೆಗೆ ಸುರಿದವರು ಆಂಟಿಯೇ.

ನಾನು ಬಗ್ಗಿ ನೋಡಿದೆ. ಬೆರಳುದ್ದದ ಒಂದು ಮರಿಯ ಬಾಯಿಂದ ಇನ್ನೊಂದರ ಬಾಲ ಹೊರಗೆ ಅಲುಗಾಡುತ್ತಿತ್ತು. ಸತ್ತು ತೇಲುತ್ತಿದ್ದ ಕೆಲವಕ್ಕೆ ಕಣ್ಣೇ ಇರಲಿಲ್ಲ.

"ಆಂಟಿ, ಇವಕ್ಕೆ ಏನಾದ್ರೂ ರೋಗನಾ?"

"ರೋಗ ಅಲ್ಲ. ಇಕ್ಕಟ್ಟಾದ್ರೆ ಒಂದನ್ನೊಂದು ಕಚ್ತವೆ, ತಿಂತವೆ. ನನಗೆ ಗೊತ್ತಿತ್ತು."

ಮಧ್ಯಾಹ್ನದವರೆಗೂ ಅವರು ಬದುಕಿದ್ದವನ್ನು ಬಲೆಯಲ್ಲಿ ಎತ್ತಿ, ಉಪ್ಪುನೀರು ತುಂಬಿದ ಡ್ರಮ್ಮುಗಳಿಗೆ ಹಂಚಿದರು. ಆಗ ಬಂದ ಮ್ಯಾನೇಜರ್, ವರದಿಯಲ್ಲಿ ರೋಗವೆಂದು ಬರೆಯಲು ಹೇಳಿದ. ಆಂಟಿ ಒದ್ದೆ ಕೈಯಲ್ಲೇ ಪೆನ್ನು ಹಿಡಿದರು. ಇಕ್ಕಟ್ಟಿನಿಂದ ಸತ್ತವು, ಗೊತ್ತಿದ್ದೂ ತುಂಬಿದವಳು ನಾನು ಎಂದು ಬರೆದು ಸಹಿ ಹಾಕಿದರು.