ಹಕ್ಕಿಯ ಕಾಲಿಗೆ ಹಾಕಿದ ಗಂಟು

ನಾನು ನಿಂತಿರಲಿಲ್ಲ, ಕುಳಿತಿದ್ದೆ. ಇಳಕಲ್ಲಿನ ನಮ್ಮ ಮನೆಯ ಪಡಸಾಲೆಯಲ್ಲಿ, ಮಗ್ಗದ ಕುಣಿಯೊಳಗೆ ಎರಡೂ ಕಾಲು ಇಳಿಬಿಟ್ಟು, ಬಾಗಿಲಿಗೆ ಬೆನ್ನು ಮಾಡಿ. ಮೂರು ವರ್ಷದ ಹಿಂದಿನ ಶ್ರಾವಣ, ಮಂಗಳವಾರ, ಬೆಳಗಿನ ಎಂಟೂವರೆ. ಎಂಟೂಕಾಲು ಎಂದು ನನ್ನ ಹೆಂಡತಿ ಹೇಳುತ್ತಾಳೆ. ಅವಳ ಗಡಿಯಾರ ಆಗಲೂ ಈಗಲೂ ಹದಿನೈದು ನಿಮಿಷ ಹಿಂದಿದೆ.

ಅವಳು ಸಾಕಿದ ಹಕ್ಕಿ, ಅಂಗಡಿಯವರು ಲವ್ ಬರ್ಡ್ ಎನ್ನುವ ಗೇಣುದ್ದದ ಹಸಿರು ಹಕ್ಕಿ, ದಿನವೂ ಪಂಜರದಿಂದ ಹೊರಬಂದು ನನ್ನ ಮಗ್ಗದ ಮೇಲೆ ಕೂರುತ್ತಿತ್ತು. ಅಂದು ಅದು ನೇಯ್ದ ಬಟ್ಟೆಯ ಮೇಲೆ ಇಳಿದದ್ದನ್ನು ನಾನು ನೋಡಲಿಲ್ಲ. ಲಾಳಿ ದಾಟಿಸಿ, ಎಳೆಯನ್ನು ಬಡಿದು ಕೂರಿಸುವ ಹಣಿಗೆಯನ್ನು ನನ್ನ ಕಡೆ ಎಳೆದೆ. ಹಕ್ಕಿ ಚೀರಿತು. ಅದರ ಬಲಗಾಲು, ಬೆರಳುಗಳಿಗಿಂತ ಅಕ್ಕಿಕಾಳಿನಷ್ಟು ಮೇಲೆ, ಮುರಿದಿತ್ತು.

ಮಗ್ಗದ ಉದ್ದಕ್ಕೆ ಬಿಗಿದ ಹಾಸಿನಲ್ಲಿ ಎಳೆ ಹರಿದರೆ ನೇಕಾರನ ಕೈ ಯೋಚಿಸುವುದಿಲ್ಲ, ಗಂಟು ಹಾಕುತ್ತದೆ. ನನ್ನ ಕೈಯೂ ಅದನ್ನೇ ಮಾಡಿತು. ಕಸಬರಿಗೆ ಕಡ್ಡಿಯ ಚೂರನ್ನು ಕಾಲಿಗೆ ಆಸರೆ ಕೊಟ್ಟು, ಕೆಂಪು ರೇಷ್ಮೆ ಎಳೆ ಸುತ್ತಿ, ಬೆರಳನ್ನು ನಾಲಗೆಗೆ ತಾಗಿಸಿಕೊಂಡು, ಬಿಗಿದು, ತುದಿ ಕಾಣದಂತೆ ಕತ್ತರಿಸಿದೆ. ಗಂಟು ಕಣ್ಣಿಗೆ ಬೀಳಬಾರದು. ಅದು ನನ್ನ ತಂದೆ ಕಲಿಸಿದ ಮೊದಲ ಪಾಠ.

“ಗಂಟು ಎಲ್ಲೈತಿ ತೋರಸು ನೋಡೂಣು,” ಎಂದು ಹೆಂಡತಿಗೆ ಹೇಳಿದೆ. ಹೇಳಬಾರದಿತ್ತು.

ಮರುದಿನ ಬೆಳಿಗ್ಗೆ ಎಳೆಯ ಕೆಳಗೆ ಪಾದ ಊದಿ ಕಪ್ಪಾಗುತ್ತಿತ್ತು. ಹಕ್ಕಿ ಕಾಳು ಮುಟ್ಟಲಿಲ್ಲ. ಹೆಂಡತಿ ಬೈಯಲಿಲ್ಲ, ಮಾತನ್ನೇ ಬಿಟ್ಟಳು. ಸೀರೆಯ ಡಬ್ಬಿಗೆ ತೂತು ಮಾಡಿ, ಹಕ್ಕಿಯನ್ನು ಅದರಲ್ಲಿಟ್ಟು, ಹುನಗುಂದದ ಬಸ್ಸು ಹತ್ತಿದಳು. ನಾನೂ ಹತ್ತಿದೆ.

ಪಕ್ಕದ ಸೀಟಿನ ಹೆಣ್ಣುಮಗಳು ಡಬ್ಬಿ ನೋಡಿ ಕೇಳಿದಳು, “ಯಾವ ಬಣ್ಣದ್ದ ಯಕ್ಕಾ?”

“ಹಸರ ಒಡಲು, ಹಳದಿ ಸೆರಗ,” ಎಂದಳು ನನ್ನ ಹೆಂಡತಿ.

“ಮಾರಾಕೇನು?”

“ಇಲ್ಲವಾ, ತಿದ್ದಸಾಕ. ನಮ್ಮ ಮನಿಯವ್ರು ಗಂಟು ಭಾಳ ಛಂದ ಹಾಕ್ಯಾರ.”

ಡಬ್ಬಿ ಚಿಲಿ ಎಂದಿತು.

“ಸೀರಿ ಮಾತಾಡತೈತಲ್ಲ ಯಕ್ಕಾ.”

“ನಾ ಇವರ ಕೂಡ ಮಾತು ಬಿಟ್ಟೇನಿ. ಅದಕ್ಕ ಅದು ಮಾತಾಡಾಕತ್ತೈತಿ.”

ದನದ ದವಾಖಾನೆಯ ವೈದ್ಯರು ಹಕ್ಕಿಯನ್ನು ಟವೆಲಿನಲ್ಲಿ ಹಿಡಿದು ಕಾಲು ನೋಡಿದರು.

“ಯಾರ್ರಿ ಇದನ್ನ ಕಟ್ಟಿದವ್ರು?”

“ನಾನ್ರಿ.”

“ನೇಕಾರ್ರೇನ್ರಿ?”

“ಹೌದ್ರಿ.”

“ಸೀರಿಯೊಳಗ ರಕ್ತ ಓಡಂಗಿಲ್ರಿ ಯಜಮಾನ್ರ, ಇದರೊಳಗ ಓಡತೈತಿ. ಈಗ ಬಿಚ್ಚಲಿಲ್ಲಂದ್ರ ಕಾಲು ಹೋಗತೈತಿ.”

ಎಳೆ ಊತದೊಳಗೆ ಹುದುಗಿಹೋಗಿತ್ತು, ಕತ್ತರಿಯ ತುದಿ ಒಳಗೆ ಹೋಗುವಂತಿರಲಿಲ್ಲ. ಗಂಟಿನ ತುದಿ ಹುಡುಕಿ ಕೊಡಿ ಎಂದರು. ಮೂವತ್ತು ವರ್ಷ ಗಂಟು ಹಾಕಿದ್ದೇನೆ, ಒಂದನ್ನೂ ಬಿಚ್ಚಿದವನಲ್ಲ. ತುದಿ ಸಿಗಲಿಲ್ಲ.

“ಸರೀರಿ ಅತ್ಲಾಗ,” ಎಂದಳು ಹೆಂಡತಿ. ಅಂದು ನನಗೆ ಹೇಳಿದ ಮೊದಲ ಮಾತು ಅದು. ಬಳೆಗೆ ಸಿಕ್ಕಿಸಿದ್ದ ಪಿನ್ನು ತೆಗೆದಳು. ನನ್ನ ಲಾಳಿಯೊಳಗೆ ಕೂರುವ ನೂಲಿನ ಕಂಡಿಕೆಯನ್ನು ರಾಟೆಯಲ್ಲಿ ಸುತ್ತಿಕೊಡುವವಳು ಅವಳೇ. ನೂಲಿನ ಸಿಕ್ಕು ಬಿಡಿಸುವುದು ಅವಳ ನಿತ್ಯದ ಕೆಲಸ. ಒಂದು ಸುತ್ತು ಸಡಿಲಾಯಿತು. ಆಮೇಲೆ ಇನ್ನೊಂದು. ಮೂರನೆಯದು ಬಹಳ ಹೊತ್ತು ಹಿಡಿಯಿತು. ಕೊನೆಗೆ ಅದೂ ಬಂತು.

ಪಾದ ಹಾಗೇ ಕಪ್ಪಾಗಿ ಇತ್ತು. ವೈದ್ಯರು ಕಾಯಿರಿ ಎಂದರು. ಅರ್ಧ ಗಂಟೆಯ ಮೇಲೆ, ಅವಳು ಬೆರಳು ಒಡ್ಡಿದಾಗ, ಆ ಪಾದ ಅದನ್ನು ಮೆಲ್ಲಗೆ ಹಿಡಿಯಿತು.

ವೈದ್ಯರು ಹತ್ತಿಯಿಟ್ಟು ಸಡಿಲವಾಗಿ ಪಟ್ಟಿ ಕಟ್ಟಿ ಅವಳಿಗೆ ಹೇಳಿದರು, “ಮೂರು ವಾರ ಇರ್ಲಿ. ಇವರ ಕೈಗೆ ಕೊಡಬ್ಯಾಡ್ರಿ.”

ಕೊಡಲಿಲ್ಲ. ಕಾಲು ಕೂಡಿತು, ಹಿಂದಿನ ಒಂದು ಬೆರಳು ಮಾತ್ರ ಮಡಚುವುದಿಲ್ಲ. ಹಕ್ಕಿ ಈಗಲೂ ಮಗ್ಗದ ಮೇಲೆ ಕೂರುತ್ತದೆ. ನಾನು ಹಣಿಗೆ ಮುಟ್ಟಿದೊಡನೆ ಹಾರಿ ಹೆಂಡತಿಯ ರಾಟೆಯ ಮೇಲೆ ಹೋಗಿ ಕೂರುತ್ತದೆ.

ಆ ಗಂಟು ಬಿಚ್ಚಿದ್ದನ್ನು ನಾನಲ್ಲದೆ ಕಂಡವರು ಮೂವರು, ಮೂವರೂ ಇದ್ದಾರೆ. ವೈದ್ಯರು ವರ್ಗವಾಗಿ ಈಗ ಬಾದಾಮಿಯಲ್ಲಿದ್ದಾರೆ. ಹೆಂಡತಿ ಇಲ್ಲೇ ಕಂಡಿಕೆ ಸುತ್ತುತ್ತಿದ್ದಾಳೆ. ಆ ಕೆಂಪು ಎಳೆಯನ್ನು ತೆಗೆದಿಟ್ಟಿದ್ದಾಳೆ, ನಾನು ಜೋರು ಮಾಡಿದ ದಿನ ಅದು ಹೊರಗೆ ಬರುತ್ತದೆ. ಮೂರನೆಯ ಸಾಕ್ಷಿ ಎಡಗಾಲು ಪುಕ್ಕದೊಳಗೆ ಎಳೆದುಕೊಂಡು, ಬಲಗಾಲೊಂದರ ಮೇಲೆ, ರಾಟೆಯ ತುದಿಯಲ್ಲಿ ನಿದ್ದೆ ಮಾಡುತ್ತಿದೆ.